ಶಾಖ ಹಿಡಿದಿಡುವ ಸೋಲಾರ್ ಕುಕ್ಕರ್ ಬೇಯಿಸದಿದ್ದರೆ: ಕರಾವಳಿಯ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಕರಾವಳಿಯಲ್ಲಿ ಸೋಲಾರ್ ಕುಕ್ಕರಿನ ಕಾಲ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮುಗಿಯುತ್ತದೆ. ಈ ತಿಂಗಳುಗಳಲ್ಲಿ ಉಡುಪಿ, ಮಂಗಳೂರು ಕಡೆ ಮನೆಯಲ್ಲೇ ಪೆಟ್ಟಿಗೆ ಮಾಡಿಕೊಂಡವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. ‘ಬರೀ ಪೆಟ್ಟಿಗೆ ಇದ್ದಾಗ ಮಧ್ಯಾಹ್ನದ ಅನ್ನ ಆಗುತ್ತಿತ್ತು. ಸಂಜೆಗೂ ಶಾಖ ಉಳಿಯಲಿ ಎಂದು ಕೆಳಗೆ ಹೊಯಿಗೆ (ಮರಳು) ತುಂಬಿಸಿದೆವು. ಈಗ ಮಧ್ಯಾಹ್ನಕ್ಕೂ ಆಗುವುದಿಲ್ಲ, ರಾತ್ರಿಗೂ ಆಗುವುದಿಲ್ಲ.’

ಹೀಗಾದಾಗ ಹೆಚ್ಚಿನವರು ಇನ್ನಷ್ಟು ಹೊಯಿಗೆ ಹಾಕುತ್ತಾರೆ, ಇಲ್ಲವೇ ಇನ್ನೊಂದು ಕನ್ನಡಿ ಸಿಕ್ಕಿಸುತ್ತಾರೆ. ದಯವಿಟ್ಟು ಎರಡನ್ನೂ ಈಗಲೇ ಮಾಡಬೇಡಿ. ಬೆಳಕು ಒಳಗೆ ಬರುವುದು, ಬಂದ ಶಾಖ ಒಳಗೆ ನಿಲ್ಲುವುದು, ನಿಂತ ಶಾಖ ಹೊಯಿಗೆಗೆ ಇಳಿಯುವುದು, ಹೊಯಿಗೆಯಿಂದ ಪಾತ್ರೆಗೆ ಹತ್ತುವುದು, ಇವು ಒಂದರ ಹಿಂದೆ ಒಂದು ನಡೆಯುವ ಕೆಲಸಗಳು. ಯಾವುದು ನಿಂತಿದೆ ಎಂದು ಬೇರೆ ಬೇರೆಯಾಗಿ ನೋಡದೆ ಕೈಹಾಕಿದರೆ, ಸರಿ ಇದ್ದದ್ದೂ ಕೆಡುತ್ತದೆ. ಪರೀಕ್ಷೆಗೂ ಕ್ರಮ ಇದೆ: ಮೊದಲು ಖಾಲಿ ಪೆಟ್ಟಿಗೆ, ಆಮೇಲೆ ಹೊಯಿಗೆ ತುಂಬಿದ ಶಾಖದ ತಟ್ಟೆ ಸಮೇತ, ಕೊನೆಗೆ ಪಾತ್ರೆ ಸಮೇತ.

ಇಲ್ಲಿ ಬರುವ ಲೆಕ್ಕಗಳೆಲ್ಲ ಈ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಪೆಟ್ಟಿಗೆಗೆ ಸಂಬಂಧಿಸಿದವು. ಮೇಲೆ 50 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಎರಡು ಪದರ ಕಿಟಕಿ ಗಾಜು. ಒಳಗೆ ಕಪ್ಪು ಬಳಿದ ತಗಡು. ತಗಡಿನ ಕೆಳಗೆ ಹೊಯಿಗೆ ಅಥವಾ ಜಲ್ಲಿ ತುಂಬಿದ ತೆಳ್ಳಗಿನ ಟ್ರೇ, ಇದನ್ನೇ ಶಾಖದ ತಟ್ಟೆ ಎನ್ನುತ್ತಿದ್ದೇನೆ. ಸುತ್ತ ಶಾಖತಡೆಗೆ ಉಮಿ (ಭತ್ತದ ಹೊಟ್ಟು) ಅಥವಾ ಗ್ಲಾಸ್ ವೂಲ್. ಮುಚ್ಚಳದಲ್ಲಿ ಒಂದು ಕನ್ನಡಿ. ನಿಮ್ಮದು ಸ್ವಲ್ಪ ಚಿಕ್ಕದೋ ದೊಡ್ಡದೋ ಇದ್ದರೂ ದೋಷ ಹುಡುಕುವ ಕ್ರಮ ಇದೇ.

ಅಳತೆ ಮೊದಲು

ಕೈಯಿಟ್ಟು ನೋಡಿ ‘ಚೆನ್ನಾಗಿ ಕಾದಿದೆ’ ಎಂದರೆ ಏನೂ ತಿಳಿಯುವುದಿಲ್ಲ. 70 ಡಿಗ್ರಿಯ ತಗಡೂ ಕೈ ಸುಡುತ್ತದೆ, 130 ಡಿಗ್ರಿಯದ್ದೂ ಸುಡುತ್ತದೆ. ಅಡುಗೆಯ ಮಟ್ಟಿಗೆ ಇವೆರಡರ ನಡುವೆ ಅಜಗಜಾಂತರ. ಬೇಕರಿ ಓವನಿನೊಳಗೆ ಇಡುವ ಮುಳ್ಳಿನ ಥರ್ಮಾಮೀಟರ್ ಸಾಕು. ಎಲೆಕ್ಟ್ರಿಕ್ ಕೆಲಸದವರ ಹತ್ತಿರ ಇರುವ, ಉಷ್ಣಾಂಶವನ್ನೂ ಓದುವ ಮಲ್ಟಿಮೀಟರಿಗೆ ಕೆ ಟೈಪ್ ಥರ್ಮೋಕಪಲ್ ಎಂಬ ಬಿಸಿ ಅಳೆಯುವ ತಂತಿ ಸಿಕ್ಕಿಸಿಕೊಂಡರೆ ಇನ್ನೂ ಒಳ್ಳೆಯದು, ತಂತಿಯ ತುದಿಯನ್ನು ಹೊಯಿಗೆಯ ನಡುವೆ ಹೂತಿಡಬಹುದು.

ಕೊರೊನಾ ಕಾಲದಿಂದ ಹಲವು ಕಡೆ ಉಳಿದಿರುವ ಗನ್ ಥರ್ಮಾಮೀಟರನ್ನು ನಂಬಬೇಡಿ. ಗಾಜಿನ ಹೊರಗಿನಿಂದ ಗುರಿಯಿಟ್ಟರೆ ಅದು ತೋರಿಸುವುದು ಗಾಜಿನ ಬಿಸಿ, ಒಳಗಿನ ತಗಡಿನದ್ದಲ್ಲ. ಗಾಜು ತೆಗೆದು ಹೊಳೆಯುವ ಅಲ್ಯೂಮಿನಿಯಂ ಪಾತ್ರೆಗೆ ಗುರಿಯಿಟ್ಟರೂ ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಜನರಿಗೆ ಬಳಸುವ ಗನ್ ಆದರಂತೂ ಜ್ವರದ ಮಟ್ಟದಿಂದ ಆಚೆ ಓದುವುದೇ ಇಲ್ಲ.

ಖಾಲಿ ಪೆಟ್ಟಿಗೆಯ ಪರೀಕ್ಷೆ

ಪಾತ್ರೆಯನ್ನೂ ಶಾಖದ ತಟ್ಟೆಯನ್ನೂ ಹೊರಗೆ ತೆಗೆಯಿರಿ. ತಳದ ಕಪ್ಪು ತಗಡಿನ ನಡುವೆ ಥರ್ಮೋಕಪಲ್ ತುದಿಯನ್ನು ಬಿಗಿಯಾಗಿ ಅಂಟಿಸಿ. ಕನ್ನಡಿಯ ಮೇಲೆ ಬಟ್ಟೆ ಮುಚ್ಚಿ, ಅದರ ಸಹಾಯ ಈಗ ಬೇಡ. ಮೋಡವಿಲ್ಲದ ದಿನ 11 ಗಂಟೆಗೆ ಬಿಸಿಲಿಗಿಟ್ಟು, ಮಧ್ಯಾಹ್ನ ಒಂದೂವರೆಯವರೆಗೆ ಆಗಾಗ ಬರೆದುಕೊಳ್ಳಿ. ಬಿಸಿ ಏರುತ್ತ ಏರುತ್ತ ಒಂದು ಕಡೆ ನಿಲ್ಲುತ್ತದೆ. ಆ ಅಂಕಿ ಬೇಕು.

ಇದು ಹೊಸದಾಗಿ ಕಟ್ಟಿದ ಪರೀಕ್ಷೆಯೇನೂ ಅಲ್ಲ. 1987ರಲ್ಲಿ ದೆಹಲಿ ಐಐಟಿಯ ಮುಲ್ಲಿಕ್, ಕಾಂಡಪಾಲ್, ಸಕ್ಸೇನಾ ಅವರು ಪೆಟ್ಟಿಗೆ ಕುಕ್ಕರುಗಳಿಗಾಗಿ ರೂಪಿಸಿದ ಕ್ರಮ. ಭಾರತೀಯ ಮಾನಕ ಐಎಸ್ 13429 ಇದನ್ನೇ ಹಿಡಿದಿದೆ. ತಗಡಿನ ಬಿಸಿಯಿಂದ ಗಾಳಿಯ ಬಿಸಿಯನ್ನು ಕಳೆದು, ಉಳಿದದ್ದನ್ನು ಬಿಸಿಲಿನ ತೀವ್ರತೆಯಿಂದ ಭಾಗಿಸಬೇಕು. ಒಳ್ಳೆಯ ಪೆಟ್ಟಿಗೆಗೆ ಉತ್ತರ 0.12 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಡಿಸೆಂಬರ್, ಜನವರಿಯ ತಿಳಿ ಆಕಾಶದಲ್ಲಿ ನಡುಹಗಲಿಗೆ ಚದರ ಮೀಟರಿಗೆ ಸುಮಾರು 800 ವ್ಯಾಟ್ ಎಂದು ಹಿಡಿಯಬಹುದು. 800ನ್ನು 0.12ರಿಂದ ಗುಣಿಸಿದರೆ 96. ಹೊರಗೆ 32 ಡಿಗ್ರಿ ಇದ್ದರೆ ತಗಡು 128ರ ಹತ್ತಿರ ಹೋಗಬೇಕು.

120 ದಾಟಿತೆಂದರೆ ಪೆಟ್ಟಿಗೆ ಸರಿ ಇದೆ. ಮುಂದಿನ ಎರಡು ಭಾಗಗಳಲ್ಲಿ ಕನ್ನಡಿಯ ಮಾತನ್ನಷ್ಟೇ ನೋಡಿಕೊಂಡು ನೇರ ಶಾಖದ ತಟ್ಟೆಗೆ ಹೋಗಿ. 100ರಿಂದ 120ರ ನಡುವೆ ನಿಂತರೆ ಎಲ್ಲೋ ಒಂದು ಸಣ್ಣ ದೋಷ ಇದೆ, ಸಿಗುತ್ತದೆ. 100ಕ್ಕೂ ಮುಟ್ಟದ ಪೆಟ್ಟಿಗೆಗೆ ಎಂಥ ಕಲ್ಲು, ಎಂಥ ಎಣ್ಣೆ ತುಂಬಿಸಿದರೂ ಪ್ರಯೋಜನವಿಲ್ಲ. ಅದನ್ನು ಮೊದಲು ಸರಿಪಡಿಸಲೇಬೇಕು.

ಬೆಳಕು ಕಡಿಮೆಯೋ, ಶಾಖ ಸೋರುತ್ತಿದೆಯೋ?

ಇದನ್ನು ರಾತ್ರಿ ಹೊತ್ತು ಕಂಡುಹಿಡಿಯುವುದು ಸುಲಭ, ಸೂರ್ಯನ ತಕರಾರೇ ಇರುವುದಿಲ್ಲ. ಗ್ಯಾಸಿನಲ್ಲಿ 2 ಲೀಟರ್ ನೀರು ಕುದಿಸಿ, ಮುಚ್ಚಳ ಬಿಗಿದು ಪೆಟ್ಟಿಗೆಯೊಳಗಿಡಿ. ಒಂದು ಗಂಟೆಯ ನಂತರ ನೀರು ಎಷ್ಟು ತಣಿದಿದೆ ನೋಡಿ. ಮರುದಿನ ರಾತ್ರಿ ಅದೇ ಪಾತ್ರೆ, ಅಷ್ಟೇ ನೀರು, ಆದರೆ ಗಾಜಿನ ಮೇಲೆ ದಪ್ಪ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ. ಎರಡನೆಯ ರಾತ್ರಿ ನೀರು ಗಣನೀಯವಾಗಿ ಕಡಿಮೆ ತಣಿದಿದ್ದರೆ ಬದಿ, ತಳ ಸರಿ ಇದೆ, ಶಾಖ ಹೋಗುತ್ತಿರುವುದು ಗಾಜಿನ ಮೂಲಕ, ಅದು ಸಹಜ. ಕಂಬಳಿ ಹೊದಿಸಿದರೂ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಬದಿಯಿಂದಲೋ ತಳದಿಂದಲೋ ಮುಚ್ಚಳದ ಸಂದಿನಿಂದಲೋ ಸೋರುತ್ತಿದೆ ಎಂದು ತಿಳಿಯಿರಿ.

ಸಂದು ಹುಡುಕಲು ಟಾರ್ಚ್ ಸಾಕು. ಉರಿಯುವ ಟಾರ್ಚನ್ನು ಪೆಟ್ಟಿಗೆಯೊಳಗಿಟ್ಟು, ಗಾಜಿನ ಮೇಲೆ ಕಂಬಳಿ ಮುಚ್ಚಿ, ಮನೆಯ ದೀಪ ಆರಿಸಿ ಸುತ್ತ ನೋಡಿ. ಬೆಳಕಿನ ಗೆರೆ ಕಂಡಲ್ಲೆಲ್ಲ ಬಿಸಿಗಾಳಿ ಹೋಗುತ್ತಿದೆ. ಮೂಲೆಗಳಲ್ಲಿ, ಕೀಲಿನ ಪಕ್ಕದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ನಮ್ಮಲ್ಲಿ 11 ಗಂಟೆಯಾಗುತ್ತಲೇ ಪಡುಗಾಳಿ ಎದ್ದು ಬರುವುದರಿಂದ ಪಡುವಣ ಬದಿಯ ಕಾಲು ಇಂಚಿನ ಸಂದೂ ಬಹಳ ಹಾನಿ ಮಾಡುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಅಂಚಿಗೆ ಅಂಟಿಸುವವರಿದ್ದಾರೆ. ಒಂದು ಬೇಸಗೆ ಬರುತ್ತದೆ, ಆಮೇಲೆ ಮೆತ್ತಗಾಗಿ ಹಿಡಿತ ಬಿಡುತ್ತದೆ, ವಾಸನೆಯೂ ಬರುತ್ತದೆ. ಸಿಲಿಕಾನ್ ಪಟ್ಟಿ ಸ್ವಲ್ಪ ದುಬಾರಿ, ಆದರೆ ಬಾಳುತ್ತದೆ.

ಉಮಿಯ ಬಗ್ಗೆ ಒಂದು ಮಾತು. ಒಣಗಿದ ಉಮಿಯಷ್ಟು ಅಗ್ಗವಾದ, ಒಳ್ಳೆಯ ಶಾಖತಡೆ ಈ ಊರುಗಳಲ್ಲಿ ಬೇರೆ ಇಲ್ಲ. ಆದರೆ ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಪೆಟ್ಟಿಗೆಯ ಉಮಿ ನೀರು ಕುಡಿದು ಕೂತಿರುತ್ತದೆ. ತೆಗೆದು ಮುಷ್ಟಿಯಲ್ಲಿ ಹಿಂಡಿ ನೋಡಿ. ಮುದ್ದೆ ಕಟ್ಟಿದರೆ ಒಣಗಿಸಬೇಕು. ಗ್ಲಾಸ್ ವೂಲ್ ಆದರೂ ನೀರು ಹಿಡಿದರೆ ಅಷ್ಟೇ ಕೆಟ್ಟದ್ದು. ಥರ್ಮಾಕೋಲನ್ನು ಬಿಸಿ ತಗಡಿಗೆ ತಾಗುವಂತೆ ಎಂದೂ ಇಡಬೇಡಿ, 80–90 ಡಿಗ್ರಿಗೇ ಮೆತ್ತಗಾಗಿ ಕುಗ್ಗತೊಡಗುತ್ತದೆ. ಒಳಗಿನ ತಗಡನ್ನು ಹೊರಗಿನ ತಗಡಿಗೆ ಉದ್ದ ಸ್ಕ್ರೂನಿಂದ ಬಿಗಿದಿದ್ದರೆ ಅದನ್ನೂ ಬಿಚ್ಚಿ, ನಡುವೆ ಮರದ ತುಂಡು ಕೊಡಿ. ಒಂದೊಂದು ಸ್ಕ್ರೂವೂ ಶಾಖ ಹೊರಹೋಗುವ ದಾರಿ.

ಬೆಳಕಿನ ದೋಷಗಳು

ರಾತ್ರಿ ಪರೀಕ್ಷೆ ಪಾಸಾಗಿ, ಹಗಲಿನ ಖಾಲಿ ಪರೀಕ್ಷೆ ಫೇಲಾದರೆ ಬೆಳಕೇ ಕಡಿಮೆ ಬರುತ್ತಿದೆ. ಗಾಜನ್ನು ಓರೆಯಾಗಿ ಹಿಡಿದು ನೋಡಿ. ಸಮುದ್ರದ ಹತ್ತಿರದ ಮನೆಗಳಲ್ಲಿ ಹೊರಬದಿಗೆ ಉಪ್ಪಿನ ಪೊರೆ ಕಟ್ಟುತ್ತದೆ. ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಸಿಹಿನೀರಿನಿಂದ ತೊಳೆಯಬೇಕು. ಒಳಬದಿಗೆ ಹಳದಿ ಜಿಡ್ಡು ಕಂಡರೆ ಅದು ಕಪ್ಪು ಬಣ್ಣದಿಂದ ಎದ್ದದ್ದು. ಹೊಸದಾಗಿ ಬಣ್ಣ ಬಳಿದ ಪೆಟ್ಟಿಗೆಯನ್ನು ಗಾಜು ತೆರೆದಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಲ್ಲಿ ಬಿಡದಿದ್ದರೆ ಹೀಗಾಗುತ್ತದೆ. ಆ ವಾಸನೆ ಹೋಗುವ ಮೊದಲು ಒಳಗೆ ಅಡುಗೆ ಮಾಡಲೂ ಬಾರದು.

ಗಡಿಯಾರ ನೋಡಿ 12ಕ್ಕೆ ಪೆಟ್ಟಿಗೆಯನ್ನು ತೆಂಕಿಗೆ ತಿರುಗಿಸುವವರು ಇದನ್ನು ಗಮನಿಸಬೇಕು. ನಮ್ಮ ದೇಶದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮಂಗಳೂರು ಇರುವುದು 75ಕ್ಕೂ ಸ್ವಲ್ಪ ಪಡುವಣಕ್ಕೆ. ಹಾಗಾಗಿ ಇಲ್ಲಿ ಸೂರ್ಯ ನಡುಹಗಲಿಗೆ ಬರುವುದು ಸರಾಸರಿ 12.30ಕ್ಕೆ. ನವೆಂಬರ್ ಮೊದಲಲ್ಲಿ 12.15ರ ಸುಮಾರು, ಫೆಬ್ರವರಿ ನಡುವಿನಲ್ಲಿ 12.45. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಮುಕ್ಕಾಲು ಗಂಟೆ ತಪ್ಪಿದರೆ ಕನ್ನಡಿಯ ಬೆಳಕಿನ ಒಂದು ಪಾಲು ಗಾಜಿನ ಪಕ್ಕದ ನೆಲದ ಮೇಲೆ ಬೀಳುತ್ತಿರುತ್ತದೆ.

ಕನ್ನಡಿಯ ಓರೆ ಇನ್ನೂ ದೊಡ್ಡ ವಿಷಯ. ಮುಚ್ಚಳವನ್ನು ನೆಟ್ಟಗೆ ನಿಲ್ಲಿಸಿ ವರ್ಷವಿಡೀ ಹಾಗೇ ಬಿಡುವವರೇ ಹೆಚ್ಚು. ಗಾಜಿನಷ್ಟೇ ಉದ್ದದ ಕನ್ನಡಿಯನ್ನು ಬಡಗು ಅಂಚಿಗೆ ಕೀಲು ಹಾಕಿ ಕೂರಿಸಿದ್ದರೆ, ನಡುಹಗಲಿಗೆ ಕನ್ನಡಿಗೂ ಗಾಜಿಗೂ ನಡುವಿನ ಕೋನ ಡಿಸೆಂಬರಿನಲ್ಲಿ ಸುಮಾರು 95 ಡಿಗ್ರಿ, ಮಾರ್ಚ್ ಮೂರನೆಯ ವಾರದಲ್ಲಿ 110, ಏಪ್ರಿಲ್ ಕೊನೆಗೆ 120 ಇರಬೇಕು. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮೂರುಗಳಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಲ್ಲಿಂದಾಚೆ ನಡುಹಗಲಿನ ಸೂರ್ಯ ಬಡಗಿಗೆ ಸರಿಯುವುದರಿಂದ ಮೇ ತಿಂಗಳಲ್ಲಿ ಪೆಟ್ಟಿಗೆಯನ್ನೇ ತಿರುಗಿಸಿ, ಕನ್ನಡಿ ತೆಂಕಣ ಬದಿಗೆ ಬರುವಂತೆ ಇಡಬೇಕು. ಮೇಯಲ್ಲಿ ‘ಇಷ್ಟು ಸೆಕೆ ಇದ್ದರೂ ಬೇಯುವುದಿಲ್ಲ’ ಎನ್ನುವವರಲ್ಲಿ ಹಲವರ ಕನ್ನಡಿ ಇನ್ನೂ ಬಡಗಿನಲ್ಲೇ ನಿಂತಿರುತ್ತದೆ.

ಜಾಗದ ಮಾತು ಚಿಕ್ಕದು. ಮಳೆಗೆಂದು ತಾರಸಿಗೆ ಶೀಟ್ ಹಾಕಿದ ಮನೆಗಳಲ್ಲಿ ಪೆಟ್ಟಿಗೆ ಅಂಗಳಕ್ಕೆ ಇಳಿಯುತ್ತದೆ, ಅಂಗಳದಲ್ಲಿ ತೆಂಗಿನ ಗರಿಯ ನೆರಳು ಬಂದು ಹೋಗುತ್ತಿರುತ್ತದೆ. 10ರಿಂದ 3ರವರೆಗೆ ನೆರಳು ಸುಳಿಯದ ಜಾಗ ಅಂಗಳದಲ್ಲಿ ಎಲ್ಲಿದೆ ಎಂದು ಒಂದು ರಜಾದಿನ ಕೂತು ಗುರುತು ಹಾಕಿಕೊಳ್ಳಿ.

ಶಾಖದ ತಟ್ಟೆ: ಬಿಸಿ 100ರ ಹತ್ತಿರ ನಿಂತುಬಿಡುವುದು

ಈಗ ಮುಖ್ಯ ಭಾಗ. ಖಾಲಿ ಪೆಟ್ಟಿಗೆ 125 ಮುಟ್ಟಿತು, ತಟ್ಟೆ ಇಟ್ಟ ಮೇಲೆ ಹೊಯಿಗೆ 98, 99ಕ್ಕೆ ಬಂದು ಗಂಟೆಗಟ್ಟಲೆ ಕದಲುವುದಿಲ್ಲ. ಒಳಗಿನ ಗಾಜಿನ ಮೇಲೆ ಹನಿಗಳು. ಹೀಗಿದ್ದರೆ ಬೇರೇನೂ ಹುಡುಕಬೇಕಿಲ್ಲ, ಹೊಯಿಗೆಯಲ್ಲಿ ನೀರಿದೆ.

ಕಟಪಾಡಿ ಕಡೆಯ ಒಂದು ಮನೆಯಲ್ಲಿ ನೋಡಿದ್ದು ಇದನ್ನೇ. ಪೆಟ್ಟಿಗೆಯ ಕೆಲಸ ಅಚ್ಚುಕಟ್ಟಾಗಿತ್ತು, ಗಾಜು ಮಾತ್ರ ಒಳಗಿನಿಂದ ಬೆವರುತ್ತಿತ್ತು. ‘ಒಣಗಿದ ಹೊಯಿಗೆಯೇ ಹಾಕಿದ್ದು ಮಾರಾಯ್ರೆ, ನಾಲ್ಕು ದಿನ ಅಂಗಳದಲ್ಲಿ ಹರಡಿ ಒಣಗಿಸಿದ್ದೇವೆ’ ಎಂದರು ಮನೆಯ ಹಿರಿಯ ಹೆಂಗಸು. ತಟ್ಟೆಯ ಮೂಲೆಯಿಂದ ಒಂದು ಚಿಟಿಕೆ ತೆಗೆದರೆ ಬೆರಳಿಗೆ ಅಂಟಿಕೊಂಡಿತು. ‘ನಾಲಗೆಗೆ ಮುಟ್ಟಿಸಿ ನೋಡಿ ಅಮ್ಮ’ ಎಂದೆ. ಉಪ್ಪು. ಕಡಲ ದಂಡೆಯ ಹೊಯಿಗೆ. ಉಪ್ಪು ಇರುವ ಹೊಯಿಗೆಯನ್ನು ಎಷ್ಟು ದಿನ ಒಣಗಿಸಿದರೂ, ಗಾಳಿಯ ತೇವ ಶೇಕಡಾ 75 ದಾಟಿದ ರಾತ್ರಿ ಮತ್ತೆ ನೀರು ಎಳೆದುಕೊಳ್ಳುತ್ತದೆ, ಮತ್ತು ಕರಾವಳಿಯ ರಾತ್ರಿಗಳಲ್ಲಿ ಹೆಚ್ಚಿನವು ಅಂಥವೇ. ಆ ಹೊಯಿಗೆಯಲ್ಲೇ ಒಂದು ಹಿಡಿಯನ್ನು ಕಬ್ಬಿಣದ ಬಾಣಲೆಯಲ್ಲಿ ಹಾಕಿ, ಮೇಲೆ ಸ್ಟೀಲ್ ತಟ್ಟೆ ಕವುಚಿ ಗ್ಯಾಸಿನ ಮೇಲಿಟ್ಟೆವು. ಎರಡು ನಿಮಿಷದಲ್ಲಿ ತಟ್ಟೆಯ ಒಳಬದಿಯಲ್ಲಿ ಹನಿಗಳು ಸಾಲುಗಟ್ಟಿದವು. ಅವರು ತಟ್ಟೆಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಈ ನೀರು ಎಷ್ಟು ಹಾನಿ ಮಾಡುತ್ತದೆ ಎಂದು ಲೆಕ್ಕ ಹಾಕಿ. ತಟ್ಟೆಯಲ್ಲಿ 8 ಕಿಲೋ ಹೊಯಿಗೆ, ಅದರಲ್ಲಿ ಶೇಕಡಾ 5 ನೀರು ಎಂದರೆ 400 ಗ್ರಾಂ. ಒಂದು ಕಿಲೋ ನೀರು ಆವಿಯಾಗಲು 2260 ಕಿಲೋಜೂಲ್ ಬೇಕು. 400 ಗ್ರಾಮಿಗೆ 900 ಕಿಲೋಜೂಲ್. ನಾವು ಹೇಳುತ್ತಿರುವ ಪೆಟ್ಟಿಗೆ ಕನ್ನಡಿ ಸಮೇತ 100 ಡಿಗ್ರಿಯಲ್ಲಿರುವಾಗ ನಿವ್ವಳವಾಗಿ ಗಳಿಸುವುದು 90 ವ್ಯಾಟಿನ ಆಸುಪಾಸು. ಅಂದರೆ ಎರಡೂಮುಕ್ಕಾಲು ಗಂಟೆಯ ನಡುಹಗಲಿನ ಬಿಸಿಲು ಬರೀ ಆ ನೀರನ್ನು ಓಡಿಸಲು ಖರ್ಚಾಗುತ್ತದೆ. ಓಡಿಸಿದ ನೀರು ಗಾಜಿಗೆ ಹನಿಯಾಗಿ ಅಂಟಿ ಬೆಳಕನ್ನೂ ತಡೆಯುತ್ತದೆ, ರಾತ್ರಿ ಮತ್ತೆ ಹೊಯಿಗೆಗೇ ಇಳಿಯುತ್ತದೆ.

ಪರಿಹಾರ: ಕಡಲ ಹೊಯಿಗೆಯೇ ಬೇಡ. ಕ್ರಷರಿನಿಂದ ಬರುವ ಕಪ್ಪುಕಲ್ಲಿನ ಹುಡಿ, ಎಂ-ಸ್ಯಾಂಡ್, ಸಣ್ಣ ಜಲ್ಲಿ ಒಳ್ಳೆಯದು, ಉಪ್ಪಿಲ್ಲ, ನೀರು ಕುಡಿಯುವುದೂ ಕಡಿಮೆ. ಮುರಕಲ್ಲಿನ (ಜಂಬಿಟ್ಟಿಗೆ) ಚೂರು, ಒಡೆದ ಮಂಗಳೂರು ಹೆಂಚಿನ ಚೂರು ಸುಲಭಕ್ಕೆ ಸಿಗುತ್ತವೆಂದು ಹಾಕುವವರಿದ್ದಾರೆ. ಎರಡೂ ರಂಧ್ರ ತುಂಬಿದ ವಸ್ತು, ನೀರು ಹೀರುತ್ತವೆ. ಏನೇ ಹಾಕಿದರೂ ದೊಡ್ಡ ಬಾಣಲೆಯಲ್ಲಿ ಹುರಿದು, ಬಿಸಿಬಿಸಿ ಇರುವಾಗಲೇ ತಟ್ಟೆಗೆ ತುಂಬಿಸಿ, ಮೇಲಿನ ತಗಡಿನ ಅಂಚಿಗೆ ಸಿಲಿಕಾನ್ ಎಳೆಯಿರಿ. ಒಂದು ಮೂಲೆಯಲ್ಲಿ ಮೊಳೆಯಷ್ಟು ಸಣ್ಣ ತೂತು ಬಿಡಿ, ಒಳಗಿನ ಗಾಳಿ ಹಿಗ್ಗಿ ತಗಡನ್ನು ಉಬ್ಬಿಸದಿರಲಿ.

ಮೇಲೆ ಬಿಸಿ, ಒಳಗೆ ತಣ್ಣಗೆ

ತಗಡು 130 ಇದೆ, ಹೊಯಿಗೆಯ ತಳಕ್ಕೆ ತಂತಿ ತಾಗಿಸಿದರೆ 70. ಇದು ದಪ್ಪದ ದೋಷ. ಒಣ ಹೊಯಿಗೆ ಶಾಖ ಸಾಗಿಸುವುದರಲ್ಲಿ ಬಹಳ ನಿಧಾನಿ. ಎರಡೂವರೆ ಸೆಂಟಿಮೀಟರ್ ಇಳಿಯಲು ಶಾಖಕ್ಕೆ ಸುಮಾರು ಒಂದು ಗಂಟೆ ಬೇಕು. ದಪ್ಪ ಇಮ್ಮಡಿಯಾದರೆ ಸಮಯ ನಾಲ್ಕು ಪಟ್ಟು, ಅಂದರೆ 5 ಸೆಂಟಿಮೀಟರಿಗೆ ಮೂರೂವರೆ, ನಾಲ್ಕು ಗಂಟೆ. 10 ಸೆಂಟಿಮೀಟರ್ ದಪ್ಪ ಹಾಕಿದರೆ ತಳದ ಹೊಯಿಗೆಗೆ ಆ ದಿನದ ಬಿಸಿಲಿನ ಸುದ್ದಿಯೇ ತಲಪುವುದಿಲ್ಲ.

ಹಾಗಾಗಿ ತಟ್ಟೆ ಅಗಲವಾಗಿರಲಿ, ಆಳ ಎರಡೂವರೆ, ಹೆಚ್ಚೆಂದರೆ ಮೂರು ಸೆಂಟಿಮೀಟರ್ ಸಾಕು. ಜಲ್ಲಿಯ ನಡುವಿನ ಸಂದುಗಳಿಗೆ ಕಲ್ಲಿನ ಹುಡಿ ಇಳಿಸಿ, ತಟ್ಟಿ ತಟ್ಟಿ ಒತ್ತಾಗಿ ಕೂರಿಸಿದರೆ ಶಾಖ ಬೇಗ ಸಾಗುತ್ತದೆ. ವೆಲ್ಡಿಂಗ್ ಶಾಪಿನಲ್ಲಿ ಸಿಗುವ ಚೂರು ಪಟ್ಟಿಗಳನ್ನು, ಹಳೆಯ ಅಲ್ಯೂಮಿನಿಯಂ ಕಿಟಕಿಯ ತುಂಡುಗಳನ್ನು ನೆಟ್ಟಗೆ ನಿಲ್ಲಿಸಿ ಮೇಲಿನ ತಗಡಿಗೆ ತಾಗಿಸಿದರೆ ಇನ್ನೂ ಒಳ್ಳೆಯದು. ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ತಿದ್ದುಪಡಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ತೂಕ ಹೆಚ್ಚಾದರೆ

ಎಷ್ಟು ಹೆಚ್ಚು ಕಲ್ಲು ಹಾಕಿದರೆ ಅಷ್ಟು ಹೆಚ್ಚು ಶಾಖ ಎಂಬ ನಂಬಿಕೆಯೇ ಈ ಪೆಟ್ಟಿಗೆಗಳನ್ನು ಹಾಳು ಮಾಡುತ್ತಿರುವುದು. ಪಾತ್ರೆಯನ್ನು ಕುದಿಗೆ ಮುಟ್ಟಿಸುವುದು 100ರ ಮೇಲಿನ ಶಾಖ ಮಾತ್ರ. 95 ಡಿಗ್ರಿಯ 30 ಕಿಲೋ ಕಲ್ಲಿನಲ್ಲಿ ಶಾಖ ಬೇಕಾದಷ್ಟಿದೆ, ಆದರೆ ಅದು ಒಂದು ಲೋಟ ನೀರನ್ನೂ ಕುದಿಸಲಾರದು.

ಒಂದು ಕಿಲೋ ಕಲ್ಲು ಒಂದು ಡಿಗ್ರಿ ಏರಲು ಸುಮಾರು 0.8 ಕಿಲೋಜೂಲ್ ಹಿಡಿಯುತ್ತದೆ. ನಮ್ಮ ಪೆಟ್ಟಿಗೆಗೆ ತಿಳಿ ಬಿಸಿಲಿನಲ್ಲಿ, ಕನ್ನಡಿ ಸರಿಯಾಗಿದ್ದು, ಒಳಗೆ ಪಾತ್ರೆ ಇಡದೆ ಲೆಕ್ಕ ಹಾಕಿದರೆ: 8 ಕಿಲೋ ತಟ್ಟೆ ಎರಡು ಗಂಟೆಯಲ್ಲಿ 135 ಡಿಗ್ರಿಯ ಹತ್ತಿರ ಹೋಗುತ್ತದೆ. 100ರ ಮೇಲೆ 35 ಡಿಗ್ರಿ, ಅಂದರೆ ಸುಮಾರು 225 ಕಿಲೋಜೂಲ್ ಕೈಗೆ ಸಿಗುತ್ತದೆ. ಕಾಲು ಕಿಲೋ ಬೆಳ್ತಿಗೆ (ಬಿಳಿ) ಅಕ್ಕಿ, ಅರ್ಧ ಲೀಟರ್ ನೀರನ್ನು 30ರಿಂದ ಕುದಿಗೆ ತರಲು ಬೇಕಾದದ್ದು 180 ಕಿಲೋಜೂಲ್, ಆಯಿತು. ಅದೇ ಪೆಟ್ಟಿಗೆಗೆ 25 ಕಿಲೋ ಹಾಕಿ, ಮೂರು ಗಂಟೆ ಕಾಯಿಸಿದರೂ 103ರ ಸುಮಾರಿಗೆ ಮಾತ್ರ ಬರುತ್ತದೆ. ಹೊತ್ತು ಮಧ್ಯಾಹ್ನ ದಾಟಿರುತ್ತದೆ, ಕೈಗೆ ಸಿಗುವುದು 60 ಕಿಲೋಜೂಲ್.

ಕಾಲು ಚದರ ಮೀಟರ್ ಗಾಜಿಗೆ 8ರಿಂದ 10 ಕಿಲೋ ಸಾಕು. ಅದಕ್ಕಿಂತ ಹೆಚ್ಚು ಸಂಗ್ರಹ ಬೇಕೆಂದರೆ ಗಾಜು, ಕನ್ನಡಿ ದೊಡ್ಡದಾಗಬೇಕು, ಕಲ್ಲು ಮಾತ್ರ ಹೆಚ್ಚಿಸಿ ಫಲವಿಲ್ಲ. ಪಾತ್ರೆಯನ್ನು ಬೆಳಗ್ಗೆಯೇ ಇಡುವುದೂ ಬೇಡ. ಮೊದಲು ತಟ್ಟೆ ಕಾಯಲಿ, 12.30ರ ನಂತರ ಪಾತ್ರೆ ಇಡಿ. ಬೆಳಗ್ಗೆ ಎರಡನ್ನೂ ಒಟ್ಟಿಗೆ ಇಟ್ಟರೆ ಎರಡೂ ಅರ್ಧಂಬರ್ಧ.

ತಟ್ಟೆ ಕಾದಿದೆ, ಪಾತ್ರೆ ಕಾಯುವುದಿಲ್ಲ

ತಟ್ಟೆ 130 ಇದ್ದು ಪಾತ್ರೆಯ ನೀರು 85ರಲ್ಲಿ ಕುಂಟುತ್ತಿದ್ದರೆ ಪಾತ್ರೆಯನ್ನು ಮಗುಚಿ ತಳ ನೋಡಿ. ವರ್ಷಗಟ್ಟಲೆ ಬಳಸಿದ ಅಲ್ಯೂಮಿನಿಯಂ ಪಾತ್ರೆಯ ತಳ ಉಬ್ಬಿರುತ್ತದೆ, ಇಲ್ಲವೇ ತೆಳ್ಳಗಿನ ತಗಡೇ ಕಾದು ಬಾಗಿರುತ್ತದೆ. ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. 20 ಸೆಂಟಿಮೀಟರ್ ತಳದ ಪಾತ್ರೆಗೂ ತಟ್ಟೆಗೂ ನಡುವೆ ಒಂದೇ ಒಂದು ಮಿಲಿಮೀಟರ್ ಗಾಳಿ ಇದ್ದರೆ, 20 ಡಿಗ್ರಿ ಅಂತರದಲ್ಲಿ ಅದರ ಮೂಲಕ ಹಾಯುವುದು 25 ವ್ಯಾಟಿನಷ್ಟು ಮಾತ್ರ. ಆ 180 ಕಿಲೋಜೂಲ್ ಹತ್ತಲು ಎರಡು ಗಂಟೆ. ಅಷ್ಟರಲ್ಲಿ ತಟ್ಟೆಯ ಶಾಖ ಗಾಜಿನಿಂದ ಹೊರಗೆ ಹೋಗಿರುತ್ತದೆ.

ದಪ್ಪ ತಳದ, ಚಪ್ಪಟೆ ಪಾತ್ರೆ ಬಳಸಿ, ಮೇಲಿನ ತಗಡು ಕನಿಷ್ಠ 2 ಮಿಲಿಮೀಟರ್ ಇರಲಿ. ಇದಕ್ಕಿಂತ ಒಳ್ಳೆಯದು ತಟ್ಟೆಯ ನಡುವೆ ಪಾತ್ರೆ ಬಿಗಿಯಾಗಿ ಇಳಿಯುವಂಥ ಗುಂಡಿ ಮಾಡಿಕೊಳ್ಳುವುದು, ಆಗ ಬದಿಯಿಂದಲೂ ಶಾಖ ಹತ್ತುತ್ತದೆ.

ಮುಚ್ಚಳ ಸಡಿಲವಿದ್ದರೆ ಅದೂ ದೋಷವೇ. 100 ಗ್ರಾಂ ನೀರು ಆವಿಯಾಗಿ ಹೋದರೆ 226 ಕಿಲೋಜೂಲ್ ಹೋಯಿತು, ಅನ್ನವನ್ನು ಕುದಿಗೆ ತಂದದ್ದಕ್ಕಿಂತ ಹೆಚ್ಚು. ಕುಚ್ಚಲಕ್ಕಿಯವರು ಇನ್ನೊಂದು ಗಮನಿಸಬೇಕು. ಒಲೆಯಲ್ಲಿ ಮಾಡುವ ಹಾಗೆ ಧಾರಾಳ ನೀರಿಟ್ಟು ಕೊನೆಗೆ ತಿಳಿ ಬಸಿಯುವ ಕ್ರಮ ಈ ಪೆಟ್ಟಿಗೆಗೆ ಹೊಂದುವುದಿಲ್ಲ. ಹೆಚ್ಚಾಗಿ ಇಟ್ಟ ಪ್ರತಿ ಲೀಟರ್ ನೀರು ಕುದಿಗೆ ಬರಲು 290 ಕಿಲೋಜೂಲ್ ತಿನ್ನುತ್ತದೆ. ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ, ಬಸಿಯಬೇಕಾಗದಷ್ಟು ಅಳತೆಯ ನೀರಿಡಿ. ಗಂಜಿ ಊಟವೇ ಬೇಕಿದ್ದರೆ ನೀರನ್ನು ಗ್ಯಾಸಿನಲ್ಲಿ ಕುದಿಸಿ ಹಾಕಿ, ಆಮೇಲಿನ ದೀರ್ಘ ಬೇಯುವಿಕೆಯನ್ನು ಪೆಟ್ಟಿಗೆಗೆ ಬಿಡಿ. ಗ್ಯಾಸ್ ಉಳಿಯುವುದು ಆ ಬೇಯುವಿಕೆಯಲ್ಲೇ.

ಮಧ್ಯಾಹ್ನ ಸರಿ, ಸಂಜೆಗೆ ತಣ್ಣಗೆ

ಇದರ ಕಾರಣ ಹೆಚ್ಚುಕಡಿಮೆ ಯಾವಾಗಲೂ ಗಾಜು. ಹಗಲು ಬೆಳಕು ಕೊಟ್ಟ ಗಾಜೇ ಬಿಸಿಲು ಇಳಿದ ಮೇಲೆ ದೊಡ್ಡ ಸೋರಿಕೆ. ಮೇಲೆ ಹೇಳಿದ 8 ಕಿಲೋ ತಟ್ಟೆ 120ರಿಂದ 80ಕ್ಕೆ ಇಳಿಯಲು, ಗಾಜು ತೆರೆದಿದ್ದರೆ ಮುಕ್ಕಾಲು ಗಂಟೆ ಸಾಕು. ಗಾಜಿನ ಮೇಲೆ ದಪ್ಪ ಶಾಖತಡೆ ಮುಚ್ಚಿದರೆ ಎರಡು ಗಂಟೆಗೆ ಏರುತ್ತದೆ. ಗೋಣಿಚೀಲದೊಳಗೆ ಒಣ ಉಮಿ ಅಥವಾ ತೆಂಗಿನ ನಾರು ತುಂಬಿಸಿ, 8–10 ಸೆಂಟಿಮೀಟರ್ ದಪ್ಪದ ಹಾಸಿಗೆ ಹೊಲಿದುಕೊಳ್ಳಿ. 3 ಗಂಟೆಗೆ, ಬಿಸಿಲು ಪೂರ್ತಿ ಇಳಿಯುವ ಮೊದಲೇ ಗಾಜಿಗೆ ಹೊದಿಸಿ. ಸಂಜೆ ಪೆಟ್ಟಿಗೆ ತೆರೆದು ತೆರೆದು ನೋಡುವುದೂ ಬೇಡ.

ಇದರ ಜೊತೆ ಆರೋಗ್ಯದ ಮಾತೂ ಇದೆ. ಬೆಂದ ಅನ್ನ 60 ಡಿಗ್ರಿಗಿಂತ ಕೆಳಗೆ ಇಳಿದು ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ, ಅನ್ನದಲ್ಲಿ ಉಳಿದುಕೊಳ್ಳುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ, ಭೇದಿ ತರಬಲ್ಲದು, ಆಮೇಲೆ ಬಿಸಿ ಮಾಡಿದರೂ ಅದರ ಒಂದು ವಿಷ ಹೋಗುವುದಿಲ್ಲ. ಊಟದ ಹೊತ್ತಿಗೆ ಅನ್ನ 60ರ ಮೇಲಿಲ್ಲದಿದ್ದರೆ ಆ ಪೆಟ್ಟಿಗೆಯಲ್ಲಿ ರಾತ್ರಿ ಅಡುಗೆ ಇಡಬೇಡಿ, ಮಧ್ಯಾಹ್ನದ್ದಕ್ಕೆ ಮಾತ್ರ ಬಳಸಿ.

ಎಣ್ಣೆ, ಮೇಣ ತುಂಬಿದವರಿಗೆ

ಎಣ್ಣೆ ಕಲ್ಲಿಗಿಂತ ಕಿಲೋಗೆ ಎರಡು ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ, ಒಳಗೆ ಹರಿದಾಡಿ ಶಾಖ ಹಂಚುತ್ತದೆ ಕೂಡ. ಆದರೆ 100 ಡಿಗ್ರಿ ಏರಿದಾಗ ಶೇಕಡಾ 7ರಷ್ಟು ಹಿಗ್ಗುತ್ತದೆ. ಅಂಚಿನವರೆಗೆ ತುಂಬಿಸಿ ಬೆಸುಗೆ ಹಾಕಿದ ಡಬ್ಬಿ ಒಡೆಯುತ್ತದೆ, ಎಣ್ಣೆ ಉಮಿಗೆ ಇಳಿಯುತ್ತದೆ. ಎಣ್ಣೆ ಕುಡಿದ ಉಮಿ ಬೆಂಕಿಗೆ ಆಹ್ವಾನ. ಹತ್ತರಲ್ಲಿ ಒಂದು ಭಾಗ ಖಾಲಿ ಬಿಡಿ, ಗಾಳಿ ಹೋಗಲು ಮೇಲಕ್ಕೆ ಒಂದು ಕೊಳವೆ ಕೊಡಿ. ಉಮಿ ಒಮ್ಮೆ ಎಣ್ಣೆಯಾಗಿದ್ದರೆ ಒಣಗಿಸಿ ಮತ್ತೆ ಬಳಸಬೇಡಿ, ಎಸೆಯಿರಿ.

ಮೇಣದಬತ್ತಿಯ ಮೇಣ ತುಂಬಿ ‘ಕರಗುತ್ತದೆ, ಆದರೆ ಬೇಯಿಸುವುದಿಲ್ಲ’ ಎನ್ನುವವರ ತಟ್ಟೆಯಲ್ಲಿ ಕೆಟ್ಟದ್ದೇನೂ ಇಲ್ಲ. ಅದು 60ರ ಆಸುಪಾಸಿನಲ್ಲಿ ಕರಗುವ ವಸ್ತು, ತಾನು ಹಿಡಿದ ಶಾಖವನ್ನು ಅದೇ 60ರಲ್ಲಿ ಬಿಟ್ಟುಕೊಡುತ್ತದೆ. ಅನ್ನ ಬಿಸಿ ಇಡಲು ಸಾಕು, ಬೇಯಿಸಲು ಆಗದು. ಸ್ಟಿಯರಿಕ್ ಆಮ್ಲವೂ 69ಕ್ಕೇ ಕರಗುತ್ತದೆ. ಬೇಯಿಸಲು ಹೊಂದುವುದು 118ರಲ್ಲಿ ಕರಗುವ ಎರಿಥ್ರಿಟಾಲ್. ಕಿಲೋಗೆ ಸುಮಾರು 340 ಕಿಲೋಜೂಲ್ ಹಿಡಿಯುತ್ತದೆ. ಅದರಲ್ಲೂ ಒಂದು ತೊಡಕಿದೆ: ಕರಗಿದ್ದು ತಣಿಯುವಾಗ 118ಕ್ಕೆ ಗಟ್ಟಿಯಾಗದೆ, ಎಷ್ಟೋ ಡಿಗ್ರಿ ಕೆಳಗಿಳಿದ ಮೇಲೂ ದ್ರವವಾಗಿಯೇ ಇರಬಹುದು. ಅಲ್ಲಿಯವರೆಗೆ ಹಿಡಿದ ಶಾಖ ಹೊರಗೆ ಬರುವುದಿಲ್ಲ. ಬೆಲೆಯೂ ಹೆಚ್ಚು. ಅಗ್ಗದ ಪೆಟ್ಟಿಗೆಗೆ ಹುರಿದ ಕಲ್ಲಿನ ಹುಡಿಯೇ ಸಾಕೆಂದು ನಾನು ಹೇಳುವುದು ಇದಕ್ಕೇ.

ಮಳೆಗೆ ಮೊದಲು

ಪತ್ತನಾಜೆ ಬಂದಾಗ ಪೆಟ್ಟಿಗೆಯನ್ನು ಹಾಗೇ ಮೂಲೆಗೆ ತಳ್ಳಬೇಡಿ. ತಟ್ಟೆಯನ್ನು ಕೊನೆಯ ಬಿಸಿಲಲ್ಲಿ ಚೆನ್ನಾಗಿ ಕಾಯಿಸಿ, ತೂತಿಗೆ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಅಟ್ಟದ ಮೇಲಿಡಿ. ಉಮಿಯನ್ನು ಹೊರತೆಗೆದುಬಿಡಿ, ಹೊಸ ಕೊಯ್ಲಿನ ಉಮಿ ದೀಪಾವಳಿ ಹೊತ್ತಿಗೆ ಮಿಲ್ಲಿನಲ್ಲಿ ಸಿಗುತ್ತದೆ. ಕನ್ನಡಿಯ ಹಿಂಬದಿಯ ಬಣ್ಣ ಎಲ್ಲಾದರೂ ಕಿತ್ತಿದ್ದರೆ ಎನಾಮೆಲ್ ಬಳಿಯಿರಿ, ಇಲ್ಲದಿದ್ದರೆ ಉಪ್ಪುಗಾಳಿ ಅಲ್ಲಿಂದಲೇ ಒಳಹೊಕ್ಕು ಕನ್ನಡಿಗೆ ಕಪ್ಪು ಕಲೆ ಬರಿಸುತ್ತದೆ. ನವೆಂಬರಿನಲ್ಲಿ ಮತ್ತೆ ಜೋಡಿಸಿದ ದಿನ ಅಡುಗೆಗೆ ಮೊದಲು ಖಾಲಿ ಪೆಟ್ಟಿಗೆಯ ಪರೀಕ್ಷೆ ಮಾಡಿ, ನಿಂತ ಅಂಕಿಯನ್ನು ಪೆಟ್ಟಿಗೆಯ ಹಿಂಬದಿಯಲ್ಲೇ ಪೆನ್ನಿನಿಂದ ತಾರೀಖು ಸಮೇತ ಬರೆದಿಡಿ.